ಭಾನುವಾರದ ಇಂಗ್ಲಿಷ್ ಅಭ್ಯಾಸ: ಈ ಸಲ ‘ಜಾಲಿ’

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಬೆಳಿಗ್ಗೆ 8ಕ್ಕೆ ಕಬ್ಬನ್ ಪಾರ್ಕ್ ಬ್ಯಾಂಡ್‌ಸ್ಟ್ಯಾಂಡ್ ಹತ್ತಿರ ಸೇರೋಣ. ಹೊಸದಾಗಿ ಸೇರಿದವರು ತಪ್ಪದೆ ಬನ್ನಿ.

‘ಜಾಲಿ’ ಅಂದರೆ ಖುಷಿಖುಷಿಯಾಗಿರುವುದು, ಇದು ಎಲ್ಲರಿಗೂ ಗೊತ್ತು ಅಲ್ವಾ? ಆದರೆ ಬ್ರಿಟಿಷರ ‘ಜಾಲಿ ಗುಡ್’ನಲ್ಲಿ ಅದಕ್ಕೆ ‘ತುಂಬಾ’ ಅನ್ನುವ ಅರ್ಥ. ಯಾರನ್ನಾದರೂ ‘ಜಾಲಿ ಅಲಾಂಗ್’ ಮಾಡುವುದೆಂದರೆ ಹುರಿದುಂಬಿಸಿ ಮುಂದೆ ಕರೆದೊಯ್ಯುವುದು. ಕಡಲ್ಗಳ್ಳರ ತಲೆಬುರುಡೆ ಬಾವುಟಕ್ಕೂ ‘ಜಾಲಿ ರೋಜರ್’ ಅಂತಲೇ ಹೆಸರು! ಪದ ಬಂದಿದ್ದು ಹಳೆಯ ಫ್ರೆಂಚಿನಿಂದ. ನಮ್ಮ ಮುಳ್ಳಿನ ಜಾಲಿ ಮರಕ್ಕೂ ಇದಕ್ಕೂ ಸಂಬಂಧವಿಲ್ಲ.

ಪ್ರತಿಯೊಬ್ಬರೂ ಎರಡು ವಾಕ್ಯ ಬರೆದು ತನ್ನಿ. ನೆಟ್‌ನಿಂದ ನಕಲು ಬೇಡ, ಸ್ವಂತ ವಾಕ್ಯ ಕಟ್ಟಿದರೇ ಪದ ಬಾಯಿಗೆ ಕೂರುವುದು. ಬರುವವರು ಶನಿವಾರ ಸಂಜೆಯೊಳಗೆ ಇಲ್ಲೇ ತಿಳಿಸಿ.