ಪದವು ಒಡೆದು ಪ್ರಕೃತಿ ಪ್ರೇಮ

ಮಾನ್ಯರೇ,

ನಮ್ಮ ಕಾಸರಗೋಡಿನ ಪದವಿನಲ್ಲಿ, ಅಂದರೆ ಗುಡ್ಡದ ಮೇಲಿನ ಕಲ್ಲುಹಾಸಿನ ಬಯಲಿನಲ್ಲಿ, ಭಾನುವಾರ ನಡೆದ ‘ಸಾಹಿತ್ಯ ಮತ್ತು ನಿಸರ್ಗ’ ಗೋಷ್ಠಿಯ ವರದಿ ಓದಿದೆ. ಫೋಟೋದಲ್ಲಿ ಗಣ್ಯರೆಲ್ಲ ಅಕೇಶಿಯ ಸಸಿ ಹಿಡಿದು ನಗುತ್ತಿದ್ದಾರೆ. ಅವರು ನಿಂತ ಜಾಗದಲ್ಲಿ ಹಿಂದಿನ ದಿನವೇ ಜೆಸಿಬಿ ತಂದು, ವೇದಿಕೆಗೆ, ಕಾರು ನಿಲ್ಲಿಸಲಿಕ್ಕೆ ಅಂತ ಮುರಕಲ್ಲಿನ (ಕೆಂಪು ತೂತುಕಲ್ಲಿನ) ಹಾಸು ಒಡೆದದ್ದು ಮಾತ್ರ ವರದಿಯಲ್ಲಿ ಇಲ್ಲ. ಅವತ್ತು ಬಸ್ಸು ಮೇಲೆ ಬರಲಿಲ್ಲ, ಹಾಲಿನ ಕ್ಯಾನು ಹೊತ್ತುಕೊಂಡೇ ಇಳಿಯಬೇಕಾಯಿತು, ಮೈಕಿನ ಅಬ್ಬರ ಬೇರೆ. ಸೋಮವಾರ ಮಳೆ ಬಂದದ್ದೇ ತಡ, ಕೆಳಗಿನ ಮನೆಗಳವರು ನೀರಿಗೆಂದು ಗುಡ್ಡಕ್ಕೆ ಕೊರೆದ ಸುರಂಗದ ತೊಟ್ಟಿಗೆಲ್ಲ ಕೆಂಪು ರಾಡಿ. ಭೂಮಿತಾಯಿಯ ಮೇಲೆ ಕವನ ಓದಿದವರು ಬಂದು ಆ ನೀರನ್ನೊಮ್ಮೆ ಕುಡಿದು ನೋಡಲಿ.

ಪದವು ಬೋಳು ಜಾಗ, ಹಸಿರು ಮಾಡಬೇಕು ಅಂತ ಇವರಿಗೆ ಹೇಳಿದವರು ಯಾರು? ಅಲ್ಲಿ ಮಣ್ಣಿರುವುದೇ ನಾಲ್ಕು ಬೆರಳು. ಮಳೆಗಾಲದಲ್ಲಿ ಕಲ್ಲಿನ ತಗ್ಗುಗಳಲ್ಲಿ ನೀಲಿ ಕಾಕ್ಕಪ್ಪೂ ಅರಳುತ್ತದೆ. ಬೇರಿನಂಥ ಎಳೆಗಳಲ್ಲಿ ಪುಟ್ಟ ಚೀಲಗಳಿದ್ದು, ನೀರಿನ ಸೂಕ್ಷ್ಮ ಜೀವಿಗಳನ್ನು ಹಿಡಿದು ತಿನ್ನುವ ಗಿಡ ಅದು, ಸಾರವಿಲ್ಲದ ನೆಲಕ್ಕೇ ಒಗ್ಗಿದ್ದು. ಸುತ್ತ ಮುಳಿಹುಲ್ಲು. ಆ ತಗ್ಗಿನ ನೀರೇ ಮುರಕಲ್ಲಿನ ತೂತುಗಳಲ್ಲಿ ಇಳಿದಿಳಿದು, ಗುಡ್ಡದ ಬದಿಗೆ ಎರಡಡಿ ಅಗಲಕ್ಕೆ, ಆಳೆತ್ತರಕ್ಕೆ ಕೊರೆದ ಸುರಂಗದಲ್ಲಿ ಪಂಪಿಲ್ಲದೆ ಹೊರಗೆ ಬರುವುದು. ಹಾಸು ಒಡೆದ ಪುಡಿ ತಗ್ಗಿಗೆ ತುಂಬಿದರೆ ತೂತು ಕಟ್ಟುತ್ತದೆ, ನೀರು ಇಂಗದೆ ರಸ್ತೆಗೆ ಓಡುತ್ತದೆ. ಅಕೇಶಿಯದ ಗುಂಡಿಯಲ್ಲೋ, ಆಟಿ ತಿಂಗಳ (ಜುಲೈ-ಆಗಸ್ಟಿನ) ಮಳೆಗೆ ನೀರು ನಿಂತು ಬೇರು ಕೊಳೆಯಬಹುದು, ಉಳಿದದ್ದು ಮಾರ್ಚಿಗೆ ಒಣಗಬಹುದು. ಅದನ್ನೂ ದಾಟಿ ಬದುಕಿತೋ, ಅದರ ತರಗೆಲೆಯಡಿ ಹುಲ್ಲು ಏಳುವುದಿಲ್ಲ.

ಭಾಷಣದಲ್ಲಿ ‘ಬೆಟ್ಟದ ಜೀವ’ವನ್ನು ಕಾಡು ಉಳಿಸುವ ಕಾದಂಬರಿ ಎಂದರಂತೆ. 1943ರ ಆ ಪುಸ್ತಕದ ಗೋಪಾಲಯ್ಯ ಕಾಡು ಕಡಿದು ತೋಟ ಮಾಡಿದವರು ಸ್ವಾಮೀ! ಕಾರಂತರು ಅದನ್ನು ಮುಚ್ಚಿಟ್ಟಿಲ್ಲ. ಗೋಪಾಲಯ್ಯನವರ ಛಲಕ್ಕೆ ಮೆಚ್ಚುಗೆಯೂ ಇದೆ, ತೋಟಕ್ಕೆ ನುಗ್ಗುವ ಆನೆಯೂ ಇದೆ. ಕಡಿದವರಿಗೂ ಕಾಡಿಗೂ ಇರುವ ಲೆಕ್ಕ ಅಷ್ಟು ಸುಲಭಕ್ಕೆ ಚುಕ್ತಾ ಆಗುವುದಿಲ್ಲ ಎಂಬುದೇ ಅಲ್ಲಿಯ ತೊಡಕು. ಅದು ಹೋಗಲಿ, ಅಂಬಿಕಾಸುತನ್ ಮಾಂಗಾಡ್ ಮಲಯಾಳದಲ್ಲಿ ಬರೆದ ‘ಎಣ್ಮಕಜೆ’ ಕಾದಂಬರಿ ನಮ್ಮ ಜಿಲ್ಲೆಯದೇ ಕಥೆ. ಅದರ ಸುದ್ದಿಯನ್ನೇ ಎತ್ತಲಿಲ್ಲವಂತೆ. ಎತ್ತಿದ್ದರೆ, 2000ದವರೆಗೆ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದು, ಬಾವಿ ಮುಚ್ಚಿಕೊಳ್ಳಿ ಅಂದು ಕೈತೊಳೆದುಕೊಂಡವರ ಹೆಸರೂ ಬರುತ್ತಿತ್ತಲ್ಲ! ಸುರಂಗಕ್ಕೆ ಮುಚ್ಚಳ ಎಲ್ಲಿಂದ ತರುವುದು ಅಂತ ಆಗಲೂ ಯಾರೂ ಹೇಳಲಿಲ್ಲ. ಈಗ ಹಾಸು ಒಡೆದದ್ದಕ್ಕೆ ದೂರು ಕೊಡುವ ಅಂತ ಕಚೇರಿಗೆ ಹೋದರೆ ನಮೂನೆ ಮಲಯಾಳದಲ್ಲಿ ಮಾತ್ರ; ಕನ್ನಡದ್ದು ಕೇಳಿದರೆ ‘ಸಾರ್ ಲೀವಲ್ಲಿದ್ದಾರೆ’.

ತಗ್ಗಿಗೆ ತುಂಬಿದ ಪುಡಿಯನ್ನು ಇನ್ನೊಂದು ಜೆಸಿಬಿ ತರದೆ ಕೈಯಲ್ಲೇ ಬಾಚಿ ತೆಗೆಸಬೇಕು, ಸಸಿ ಕಿತ್ತು ಹಾಕಿಸಬೇಕು. ಕನ್ನಡದ ನಮೂನೆಯೂ ಕೊಡಬೇಕು. ಇದ್ಯಾವುದೂ ಆಗದಿದ್ದರೆ ಮುಂದಿನ ಗೋಷ್ಠಿಯನ್ನು ಕಚೇರಿಯ ಟೆರೇಸಿನಲ್ಲೇ ಇಟ್ಟುಕೊಳ್ಳಲಿ, ಅಲ್ಲಿ ಎಷ್ಟು ಗುಂಡಿ ಬೇಕಾದರೂ ತೋಡಿಕೊಳ್ಳಲಿ.

– ಪದವಿನ ಕೆಳಗಿನ ಓದುಗ, ಕಾಸರಗೋಡು