ಶಿಕ್ಷಕರ ಪಕ್ಷ ತರಗತಿಗೆ ಬೇಡ

ಮಾನ್ಯ ಸಂಪಾದಕರೇ,

ಹತ್ತನೇ ತರಗತಿಯ ಸಮಾಜ ವಿಜ್ಞಾನದಲ್ಲಿ ಆಯವ್ಯಯದ ಪಾಠವಿದೆ. ನಮ್ಮ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಆ ಪಾಠ ಮಾಡುತ್ತಿದ್ದ ಶಿಕ್ಷಕರು, ಸರ್ಕಾರದ ಖರ್ಚಿನ ಮಾತು ಬಂದ ಕೂಡಲೇ ಗ್ಯಾರಂಟಿಗಳತ್ತ ಹೊರಳಿ, 'ಬಸ್ಸಿನಲ್ಲಿ ಬಿಟ್ಟಿ ಓಡಾಡುವ ಹೆಂಗಸರಿಂದಲೇ ರಾಜ್ಯ ದಿವಾಳಿಯಾಗ್ತಿದೆ, ಮುಂದಿನ ಎಲೆಕ್ಷನ್‌ನಲ್ಲಿ ಯಾರಿಗೆ ಹಾಕಬೇಕು ಅಂತ ಮನೇಲಿ ಹೇಳಿ' ಎಂದರಂತೆ. ಎದುರಿಗೆ ಕುಳಿತಿದ್ದ ಹುಡುಗಿಯರಲ್ಲಿ ಹಲವರು ಅಂದು ಬೆಳಿಗ್ಗೆ ಆಧಾರ್ ತೋರಿಸಿ, ಶೂನ್ಯ ಟಿಕೆಟ್ ಪಡೆದು ಶಾಲೆಗೆ ಬಂದವರು. ನನ್ನ ಮಗಳೂ ಅವರಲ್ಲೊಬ್ಬಳು. ಒಬ್ಬರೂ ತುಟಿ ಬಿಚ್ಚಲಿಲ್ಲ. ಪಕ್ಕದ ಹೋಬಳಿಯ ಶಾಲೆಯಲ್ಲಿ ಇನ್ನೊಬ್ಬ ಶಿಕ್ಷಕರು, ಪ್ರಧಾನಿಯವರ ಪಕ್ಷಕ್ಕೆ ಮತ ಹಾಕುವವರೆಲ್ಲ ಅವಿವೇಕಿಗಳು ಎಂದು ಮಕ್ಕಳ ಮುಂದೆಯೇ ಹೇಳುತ್ತಾರೆಂದು ಅಲ್ಲಿನ ಪೋಷಕರು ನೊಂದುಕೊಳ್ಳುತ್ತಾರೆ. ಅವರ ನೋವೂ ನನ್ನದರಷ್ಟೇ ನ್ಯಾಯವಾದದ್ದು.

ಮಕ್ಕಳು ಎದುರು ಮಾತಾಡುವುದಿಲ್ಲ ಏಕೆ? ಎಸ್‌ಎಸ್‌ಎಲ್‌ಸಿಯ ಸಮಾಜ ವಿಜ್ಞಾನದಲ್ಲಿ 100ಕ್ಕೆ 20 ಆಂತರಿಕ ಅಂಕ. ಅದನ್ನು ಕೊಡುವವರು ಅದೇ ಶಿಕ್ಷಕರು. ಕಟ್ಟೆಯ ಮೇಲೆ ಕುಳಿತು ರಾಜಕೀಯ ಮಾತಾಡುವವರಿಗೆ ಎದುರಾಡಬಹುದು, ಬೇಡವಾದರೆ ಎದ್ದು ಹೋಗಬಹುದು. ಹದಿನೈದರ ಮಕ್ಕಳಿಗೆ ತರಗತಿಯಲ್ಲಿ ಎರಡೂ ಸಾಧ್ಯವಿಲ್ಲ.

ಶಿಕ್ಷಕರಿಗೆ ರಾಜಕೀಯ ಅಭಿಪ್ರಾಯ ಇರಬಾರದೆಂದು ನಾನು ಹೇಳುತ್ತಿಲ್ಲ. ಅವರಿಗೆ ಎಲ್ಲರಂತೆ ಮತವಿದೆ. ನಮ್ಮ ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲಿ 7 ಶಿಕ್ಷಕರ ಕ್ಷೇತ್ರಗಳೇ ಇವೆ. ಸರ್ಕಾರಿ ನೌಕರರು ಪಕ್ಷಗಳ ಪರ ಪ್ರಚಾರ ಮಾಡುವಂತಿಲ್ಲ ಎಂದು ರಾಜ್ಯದ ನಾಗರಿಕ ಸೇವಾ ನಡತೆ ನಿಯಮಗಳು ಹೇಳುತ್ತವೆ. ಆದರೆ ಆ ನಿಯಮ ನೆನಪಾಗುವುದು ಚುನಾವಣಾ ನೀತಿ ಸಂಹಿತೆ ಜಾರಿಯಲ್ಲಿದ್ದಾಗ ಮಾತ್ರ. ಉಳಿದ ದಿನಗಳಲ್ಲಿ ಹೋಂವರ್ಕ್‌ಗೆಂದು ಮಾಡಿದ ವಾಟ್ಸ್‌ಆ್ಯಪ್ ಗುಂಪಿನಲ್ಲೂ ನಾಯಕರ ಸ್ತುತಿ, ನಿಂದೆಗಳ ಫಾರ್ವರ್ಡ್‌ಗಳು ಬಂದು ಬೀಳುತ್ತವೆ. ಖಾಸಗಿ ಶಾಲೆಗಳಲ್ಲಂತೂ ಆಡಳಿತ ಮಂಡಳಿಯ ಒಲವು ಎತ್ತ ಕಡೆಗೋ ಪಾಠವೂ ಅತ್ತ ವಾಲುವುದುಂಟು.

ಹಾಗೆಂದು ರಾಜಕೀಯದ ಮಾತೇ ಬೇಡ ಎಂದು ಬಾಯಿ ಕಟ್ಟಿದರೆ ಅದು ಇನ್ನೂ ದೊಡ್ಡ ನಷ್ಟ. ಇನ್ನು ಎರಡು ಮೂರು ವರ್ಷಕ್ಕೆ ಈ ಮಕ್ಕಳ ಕೈಗೆ ಮತದಾರರ ಚೀಟಿ ಬರುತ್ತದೆ. ಶಾಲಾ ಸಂಸತ್ತಿನ ಚುನಾವಣೆಯಲ್ಲಿ ಮೊಬೈಲನ್ನೇ ಮತಯಂತ್ರ ಮಾಡಿ, ಬೆರಳಿಗೆ ಶಾಯಿ ಹಚ್ಚಿ, ಎಣಿಕೆಗೆ ಏಜೆಂಟರನ್ನು ಕೂರಿಸುವ ಎಷ್ಟೋ ಶಿಕ್ಷಕರಿದ್ದಾರೆ. ಅವರಿಗೆ ನಾನು ಕೈಮುಗಿಯುತ್ತೇನೆ. ಆಯವ್ಯಯದ ಪಾಠದಲ್ಲಿ ಶಕ್ತಿ ಯೋಜನೆಯೂ ಬರಲಿ. 2023ರ ಜೂನ್ 11ರಂದು ಶುರುವಾದ ಆ ಯೋಜನೆಗೆ ಹಣ ಎಲ್ಲಿಂದ ಬರುತ್ತದೆ, ಸಾರಿಗೆ ನಿಗಮಗಳಿಗೆ ಸರ್ಕಾರ ಅದನ್ನು ಹೇಗೆ ತುಂಬಿಕೊಡುತ್ತದೆ, ಅದೇ ದುಡ್ಡಿನಲ್ಲಿ ಬೇರೇನು ಮಾಡಬಹುದಿತ್ತು, ಅದರಿಂದ ಯಾರ ಬದುಕು ಹಗುರವಾಯಿತು ಎಂದು ಕೇಳಲಿ. ಪರ ಒಂದು ಗುಂಪು, ವಿರೋಧ ಒಂದು ಗುಂಪು ಮಾಡಿ ಮಾತಾಡಿಸಲಿ. ಕೊನೆಗೆ ಯಾವುದು ಸರಿ ಎಂಬ ತೀರ್ಪನ್ನು ಮಾತ್ರ ಮಕ್ಕಳಿಗೇ ಬಿಡಲಿ. ಜರ್ಮನಿಯ ಶಿಕ್ಷಣ ತಜ್ಞರು 1976ರಲ್ಲಿ ಬಾಯ್ಟಲ್ಸ್‌ಬಾಖ್ ಎಂಬ ಊರಿನಲ್ಲಿ ಸೇರಿ ಚರ್ಚಿಸಿದಾಗ ಮೂಡಿದ ಒಮ್ಮತವೂ ಇಂಥದ್ದೇ: ಶಿಕ್ಷಕರು ತಮ್ಮ ಅಭಿಪ್ರಾಯವನ್ನು ಮಕ್ಕಳ ಮೇಲೆ ಹೇರಬಾರದು, ಸಮಾಜದಲ್ಲಿ ವಿವಾದವಿರುವ ವಿಷಯ ತರಗತಿಯಲ್ಲೂ ವಿವಾದವಾಗಿಯೇ ಕಾಣಬೇಕು.

ಇನ್ನೊಂದು ಮಾತು. ಮಕ್ಕಳ ಕೈಲಿ ಗುಟ್ಟಾಗಿ ವಿಡಿಯೊ ಮಾಡಿಸಿ, ಪಕ್ಷದ ಕಾರ್ಯಕರ್ತರನ್ನು ಶಾಲೆಯ ಗೇಟಿಗೆ ಕರೆತಂದು ಶಿಕ್ಷಕರಿಂದ ಕ್ಷಮೆ ಕೇಳಿಸುವುದು ಪರಿಹಾರವಲ್ಲ. ಅದು ಶಾಲೆಗೆ ರಾಜಕೀಯವನ್ನು ಹಿಂಬಾಗಿಲಿನಿಂದ ಕರೆತಂದಂತೆ. ದೂರು ಪೋಷಕರೂ ಇರುವ ಶಾಲಾ ಸಮಿತಿಯಾದ ಎಸ್‌ಡಿಎಂಸಿಗೆ ಹೋಗಲಿ, ಅಲ್ಲಿ ಬಗೆಹರಿಯದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಯವರ (ಬಿಇಒ) ಕಚೇರಿಗೆ ಹೋಗಲಿ, ಶಿಕ್ಷಕರ ಮಾತನ್ನೂ ಕೇಳಲಿ.

ತರಗತಿಯಲ್ಲಿ ಯಾವುದು ಚರ್ಚೆ, ಯಾವುದು ಪ್ರಚಾರ ಎಂಬುದನ್ನು ಉದಾಹರಣೆ ಸಮೇತ ತಿಳಿಸುವ ಸುತ್ತೋಲೆಯನ್ನು ಶಾಲಾ ಶಿಕ್ಷಣ ಇಲಾಖೆ ಹೊರಡಿಸಬೇಕು. ಅದು ಖಾಸಗಿ ಶಾಲೆಗಳಿಗೂ, ತರಗತಿಯ ವಾಟ್ಸ್‌ಆ್ಯಪ್ ಗುಂಪುಗಳಿಗೂ ಅನ್ವಯಿಸಬೇಕು. ಮುಂದಿನ ಶೈಕ್ಷಣಿಕ ವರ್ಷ ಶುರುವಾಗುವ ಮೊದಲೇ ಅದು ಶಾಲೆಗಳ ಕೈಸೇರಲಿ.

— ಒಬ್ಬ ಪೋಷಕಿ, ಹಾಸನ ಜಿಲ್ಲೆ