ಡಿಗ್ರಿ ಕೈಗೆ ಬಂದ ಮೇಲೆ ಪ್ರೆಸ್ ಎಲ್ಲಿ ಸಿಗುತ್ತೆ?

ಚಿನ್ನು,

ವಿದ್ಯಾರ್ಥಿ ಸಹಾಯನಿಧಿ, ಹಳೆ ವಿದ್ಯಾರ್ಥಿ ಸಂಘ ಎರಡನ್ನೂ ಕಲಾ ವಿಭಾಗಕ್ಕೆ ಪಾಠ ಹೇಳಲು ಹೊಸದಾಗಿ ಸೇರಿದ ನಿನ್ನ ತಲೆಗೇ ಕಟ್ಟಿದ್ದಾರೆ ಅಂದೆಯಲ್ಲ, ವಿಶ್ವವಿದ್ಯಾಲಯಗಳಲ್ಲಿ ಅದು ಇದ್ದದ್ದೇ. ಸಮ್ಮಿಲನ, ಹಾರ, ಶಾಲು ಎಂದು ಓಡಾಡುವ ಮೊದಲು ಒಂದು ಮಾತು ಕೇಳು. ಕಲಾ ವಿಭಾಗದ ಮಕ್ಕಳಿಗೆ ನಿಜವಾದ ಕಷ್ಟ ಶುರುವಾಗುವುದೇ ಬಿವಿಎ (ದೃಶ್ಯಕಲೆಯ ಪದವಿ) ಮುಗಿದ ಮಾರನೆಯ ದಿನ. ಸಾಹಿತ್ಯ ಓದಿದವರು ಪುಸ್ತಕ ಹಿಡಿದು ಮನೆಗೆ ಹೋಗಬಹುದು. ಗ್ರಾಫಿಕ್ಸ್, ಅಂದರೆ ಅಚ್ಚುಚಿತ್ರ ಕಲೆ, ಓದಿದವಳು ಲೋಹದ ಪ್ಲೇಟಿನಿಂದ ಚಿತ್ರ ಅಚ್ಚು ಹಾಕುವ ಎಚಿಂಗ್ ಪ್ರೆಸ್ ಹೊತ್ತುಕೊಂಡು ಹೋಗಲಾರಳು. ಶಿಲ್ಪ, ಸಿರಾಮಿಕ್ ಮಾಡಿದವರದ್ದೂ ಅದೇ ಪಾಡು. ಎರಡು ವರ್ಷ ಕೈ ಕಟ್ಟಿಹಾಕಿದಂತಾದರೆ ಮಾಧ್ಯಮವೇ ಬಿಟ್ಟುಹೋಗುತ್ತದೆ. ಆದ್ದರಿಂದ ಸಂಘದಿಂದ ಹಣಕ್ಕಿಂತ ಮೊದಲು ಪ್ರೆಸ್ಸೂ, ಮಣ್ಣಿನ ಪಾತ್ರೆ ಸುಡುವ ಕಿಲ್ನೂ ಸಿಗುವ ಹಾಗೆ ಮಾಡು.

ತಿಂಗಳಿಗೆ ಎರಡು ಶನಿವಾರ ಹಳೆ ವಿದ್ಯಾರ್ಥಿಗಳಿಗೆ ಪ್ರೆಸ್ ಬಿಟ್ಟುಕೊಡಲು ಮುಖ್ಯಸ್ಥರಿಂದ ಬರಹದಲ್ಲಿ ಅನುಮತಿ ತಗೋ. ಒಂದು ದಿನಕ್ಕೆ ಇಬ್ಬರೇ, ಲ್ಯಾಬ್ ಸಹಾಯಕರು ಇದ್ದಾಗ ಮಾತ್ರ. ಕಾಗದ, ಇಂಕ್, ಪ್ಲೇಟು ಅವರವರದ್ದು. ಇಲ್ಲಿ ಕೆಡುವುದು ಸಾಮಾನ್ಯವಾಗಿ ಫೆಲ್ಟ್, ಅಂದರೆ ಕಾಗದದ ಮೇಲೆ ಹಾಸುವ ದಪ್ಪ ಉಣ್ಣೆ ಬಟ್ಟೆ. ಜಿಂಕ್ ಪ್ಲೇಟಿನ ಅಂಚನ್ನು ಅರದಿಂದ ಸುಮಾರು 45 ಡಿಗ್ರಿ ಓರೆಯಾಗಿ ಉಜ್ಜದೆ ಹಾಕಿದರೆ ಒಂದೇ ಸಲಕ್ಕೆ ಫೆಲ್ಟ್ ಕತ್ತರಿಸಿಹೋಗುತ್ತದೆ. ಒಬ್ಬರು ದಪ್ಪನೆಯ ಲಿನೋ (ಲಿನೋಲಿಯಂ ಹಾಳೆ ಕೆತ್ತಿದ) ಅಚ್ಚಿಗೆಂದು ಒತ್ತಡ ಸಡಿಲಿಸಿ ಹಾಗೇ ಬಿಟ್ಟು ಹೋದರೆ ಮುಂದಿನವರ ಪ್ರಿಂಟ್ ಮಸುಕಾಗುತ್ತದೆ. ಅವರು ಗಾಬರಿಯಲ್ಲಿ ಒಂದೇ ಕಡೆಯ ಸ್ಕ್ರೂ ಬಿಗಿಯುತ್ತಾರೆ, ಫೆಲ್ಟ್ ಓರೆಯಾಗಿ ಎಳೆದು ಸುಕ್ಕುಗಟ್ಟುತ್ತದೆ. ಎರಡೂ ಸ್ಕ್ರೂಗಳ ಮೇಲೆ ಬಿಳಿ ಪೇಂಟಿನ ಗೆರೆ ಹಾಕಿಸು, ಹೋಗುವಾಗ ಗೆರೆಗೆ ತಂದು ನಿಲ್ಲಿಸಲಿ. ಒದ್ದೆ ಕಾಗದದ ಅಂಟು ಫೆಲ್ಟಿಗೆ ಇಳಿದು ಅದು ರಟ್ಟಿನಂತೆ ಗಟ್ಟಿಯಾಗುತ್ತದೆ. ಆಗಾಗ ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ ತೊಳೆದು, ಹಿಂಡದೆ ಹರವಿ ಒಣಗಿಸಬೇಕು.

ಕಿಲ್ನ್ ವಿಷಯದಲ್ಲಿ ಇನ್ನೂ ಬಿಗಿಯಾಗಿರು. ಹೊರಗಿಂದ ಬಂದವರು ಯಾವ ಮಣ್ಣು ತಂದಿದ್ದಾರೆಂದು ನೋಡಿದರೆ ಗೊತ್ತಾಗುವುದಿಲ್ಲ. ಸುಮಾರು 1000 ಡಿಗ್ರಿಗೆ ಬೇಯುವ ಕೆಂಪು ಜೇಡಿಮಣ್ಣಿನ ಪಾತ್ರೆಯನ್ನು 1200ರ ಸ್ಟೋನ್‌ವೇರ್ (ಹೆಚ್ಚು ಶಾಖಕ್ಕೆ ಬೇಯುವ ಮಣ್ಣು) ಫೈರಿಂಗ್‌ಗೆ ಸೇರಿಸಿದರೆ ಅದು ಉಬ್ಬುತ್ತದೆ, ಕೆಲವೊಮ್ಮೆ ಕರಗಿ ಶೆಲ್ಫಿಗೆ ಅಂಟಿ ಪಕ್ಕದವರ ಕೆಲಸವನ್ನೂ ಹಾಳುಮಾಡುತ್ತದೆ. ಅದೇ ಮಣ್ಣಿನ ಸಣ್ಣ ತುಂಡನ್ನು ಕಿಲ್ನ್ ವಾಷ್ (ಅಂಟದಂತೆ ತಡೆಯುವ ಲೇಪ) ಬಳಿದ ಚೂರಿನ ಮೇಲಿಟ್ಟು ಮೊದಲು ಸುಟ್ಟು ನೋಡದೆ ಯಾರದ್ದನ್ನೂ ಒಳಗಿಡಬೇಡ. ನಿನ್ನ ಗೆಳತಿಯದ್ದಾದರೂ ಸರಿ.

ಈಗ ಓದುತ್ತಿರುವವರ ವಿಷಯ. ಅರ್ಧ ತಾಪತ್ರಯ ಎಸ್‌ಎಸ್‌ಪಿ, ಅಂದರೆ ರಾಜ್ಯ ಸರ್ಕಾರದ ಆನ್‌ಲೈನ್ ಪೋರ್ಟಲಿನ, ವಿದ್ಯಾರ್ಥಿವೇತನದ್ದು. ಮಂಜೂರಾಗಿದೆ ಎಂದು ತೋರಿಸುತ್ತದೆ, ಖಾತೆಗೆ ಬಂದಿರುವುದಿಲ್ಲ. ಹುಡುಗರು ಪಾಸ್‌ಬುಕ್ ಜೆರಾಕ್ಸ್ ಹಿಡಿದು ಅಲೆಯುತ್ತಾರೆ. ಆ ದುಡ್ಡು ಹೋಗುವುದು ಆಧಾರ್ ಯಾವ ಖಾತೆಗೆ ಕೊನೆಯದಾಗಿ ಜೋಡಣೆಯಾಗಿದೆಯೋ ಅಲ್ಲಿಗೆ. ಎಷ್ಟೋ ಸಲ ಅದು ಹೈಸ್ಕೂಲಿನಲ್ಲಿ ತೆರೆದು ಮರೆತ ಊರಿನ ಬ್ಯಾಂಕಿನ ಖಾತೆಯಾಗಿರುತ್ತದೆ. ಮೊದಲು ಎನ್‌ಪಿಸಿಐ ಮ್ಯಾಪಿಂಗ್, ಅಂದರೆ ಆಧಾರ್ ಈಗ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಎಂಬ ದಾಖಲೆ, ನೋಡಿಸು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಹೆಸರಿಗೂ ಆಧಾರಿನ ಹೆಸರಿಗೂ ಇನಿಷಿಯಲ್ ವ್ಯತ್ಯಾಸವಿದ್ದರೆ ಅರ್ಜಿ ಹಾಕುವ ಮುಂಚೆಯೇ ಸರಿಪಡಿಸಬೇಕು, ಆಮೇಲಲ್ಲ.

ಸಹಾಯನಿಧಿ ಚಿಕ್ಕದಾದರೂ ಪರವಾಗಿಲ್ಲ, ತಡವಾಗಬಾರದು. ಡಿಸ್‌ಪ್ಲೇಗೆ (ಕೃತಿಗಳ ಪ್ರದರ್ಶನಕ್ಕೆ) ನಾಲ್ಕು ದಿನವಿರುವಾಗ ಫ್ರೇಮಿಗೆ ದುಡ್ಡಿಲ್ಲದವನಿಗೆ ಮುಂದಿನ ತಿಂಗಳ ಸಮಿತಿ ಸಭೆಯಿಂದ ಏನು ಪ್ರಯೋಜನ? ಐದು ಸಾವಿರದವರೆಗೆ ಇಬ್ಬರ ಸಹಿಯಲ್ಲಿ ಎರಡು ದಿನದೊಳಗೆ ಕೊಡುವ ನಿಯಮ ಮಾಡಿಸು. ಅಂಗಡಿಯ ಬಿಲ್ಲಿಗೇ ಪಾವತಿ ಮಾಡಿದರೆ ಲೆಕ್ಕ ಸಲೀಸು. ಪಡೆದವರ ಹೆಸರನ್ನು ನೋಟಿಸ್ ಬೋರ್ಡಿಗೆ ಹಾಕಲೇಬೇಡ. ಹಾಕಿದರೆ ಮುಂದಿನ ವರ್ಷ ಅರ್ಜಿಯೇ ಬರುವುದಿಲ್ಲ, "ಯಾರಿಗೂ ಕಷ್ಟವಿಲ್ಲ" ಎಂದು ವರದಿ ಬರೆದುಬಿಡುತ್ತಾರೆ.

ನಿಧಿಗೆ ಹಣ ಎಲ್ಲಿಂದ? ಶಾಂತಿನಿಕೇತನದ ಕಲಾಭವನದ ನಂದನ್ ಮೇಳ ನೋಡು. ಕಲಾಭವನವನ್ನು ಬೆಳೆಸಿದ ಕಲಾವಿದ ನಂದಲಾಲ್ ಬೋಸ್ ಹುಟ್ಟಿದ್ದು ಡಿಸೆಂಬರ್ 3. ಅದಕ್ಕೆ ಮೊದಲಿನ ಎರಡು ದಿನ, 1 ಮತ್ತು 2ರಂದು, ವಿದ್ಯಾರ್ಥಿಗಳು, ಅಧ್ಯಾಪಕರು, ಹಳಬರು ಸೇರಿ ಮಾಡಿದ ಚಿಕ್ಕ ಕೆಲಸಗಳನ್ನು ಮಾರುತ್ತಾರೆ, ಬಂದ ಹಣ ವಿದ್ಯಾರ್ಥಿಗಳ ಕ್ಷೇಮನಿಧಿಗೆ. 1973ರಿಂದ ನಡೆದುಬಂದಿದೆ. ಚೆನ್ನೈ ಬಳಿಯ ಚೋಳಮಂಡಲ ಕಲಾವಿದರ ಗ್ರಾಮದ ಕಥೆಯೂ ಹತ್ತಿರದ್ದೇ. 1966ರಲ್ಲಿ ಕೆ.ಸಿ.ಎಸ್. ಪಣಿಕ್ಕರ್ ಮತ್ತು ಮದರಾಸು ಕಲಾಶಾಲೆಯ ಶಿಷ್ಯರು ಅದನ್ನು ಕಟ್ಟುವಾಗ ಬಾಟಿಕ್ (ಮೇಣ ಹಾಕಿ ಬಣ್ಣ ಅದ್ದಿದ ಬಟ್ಟೆ) ಮಾಡಿ ಮಾರಿದ ದುಡ್ಡು ಕೈಹಿಡಿಯಿತು. ನಿಮ್ಮಲ್ಲೂ ಕ್ಯಾಲೆಂಡರ್, ಸಣ್ಣ ಲಿನೋ ಪ್ರಿಂಟ್, ಪಿಂಗಾಣಿ ಲೋಟ ಇವೇ ಹೋಗುವುದು. ಆರಡಿ ಕ್ಯಾನ್ವಾಸ್ ಯಾರೂ ಬಸ್ಸಿನಲ್ಲಿ ಹೊತ್ತೊಯ್ಯುವುದಿಲ್ಲ.

ವಿದೇಶದ ಹಳಬರಿಂದ ದೇಣಿಗೆ ಬಂದರೆ ಹುಷಾರು. ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಉಳಿತಾಯದಿಂದ ಕೊಟ್ಟರೆ ಅದು ವಿದೇಶಿ ದೇಣಿಗೆಯಲ್ಲ. ಅಲ್ಲಿನ ಪೌರತ್ವ ಪಡೆದು ಒಸಿಐ (ಸಾಗರೋತ್ತರ ಭಾರತೀಯರ) ಕಾರ್ಡ್ ಇಟ್ಟುಕೊಂಡವರು ಕೊಟ್ಟರೆ ಅದು ವಿದೇಶಿ ದೇಣಿಗೆಯೇ. ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದ ಸಂಘದ ಖಾತೆಗೆ ಅಂಥ ದುಡ್ಡು ಒಂದು ರೂಪಾಯಿಯೂ ಬೀಳಬಾರದು. ಹೆಸರು ಕನ್ನಡದ್ದೇ ಇದ್ದರೂ ಪಾಸ್‌ಪೋರ್ಟ್ ಯಾವುದೆಂದು ಕೇಳು. ಅಂಥವರಿಂದ ದುಡ್ಡಿನ ಬದಲು ಸಮಯ ಪಡೆ: ಆನ್‌ಲೈನಿನಲ್ಲಿ ಒಂದು ಗಂಟೆ ಕೂತು ಇಬ್ಬರ ಪೋರ್ಟ್‌ಫೋಲಿಯೊ ನೋಡಿಕೊಡಲಿ.

ಮಾರುವ ಮಕ್ಕಳಿಗೆ ಬಿಲ್ ಬರೆಯುವುದನ್ನು ಕಲಿಸು. ಕೃತಿಯ ಹೆಸರು, ಮಾಧ್ಯಮ, ಅಳತೆ, ವರ್ಷ, ಬೆಲೆ, ಕೊನೆಗೆ "ಕೃತಿಸ್ವಾಮ್ಯ ಕಲಾವಿದರದ್ದು" ಎಂಬ ಸಾಲು. ಚಿತ್ರ ಮಾರಿದ ಮಾತ್ರಕ್ಕೆ ಹಕ್ಕು ಕೊಟ್ಟಂತಲ್ಲ. ಆದರೆ ಯಾರಾದರೂ ಹಣ ಕೊಟ್ಟು ಭಾವಚಿತ್ರ ಬರೆಸಿಕೊಂಡರೆ, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ, 1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ಹಕ್ಕು ಬರೆಸಿಕೊಂಡವರದ್ದೇ. ಇದು ಎಷ್ಟೋ ಮೇಷ್ಟ್ರುಗಳಿಗೂ ಗೊತ್ತಿರುವುದಿಲ್ಲ.

ಫೆಲೋಶಿಪ್‌ಗಳಲ್ಲಿ ವಯಸ್ಸೇ ಮುಖ್ಯ. ಕೇಂದ್ರ ಸಂಸ್ಕೃತಿ ಸಚಿವಾಲಯದ ಯುವ ಕಲಾವಿದರ ವಿದ್ಯಾರ್ಥಿವೇತನ 18ರಿಂದ 25 ವರ್ಷದವರಿಗೆ, ತಿಂಗಳಿಗೆ 5,000 ರೂಪಾಯಿಯಂತೆ ಎರಡು ವರ್ಷ. ಎಂವಿಎ (ಸ್ನಾತಕೋತ್ತರ ಪದವಿ) ಮುಗಿಸಿ ನೆನಪಾಗುವಷ್ಟರಲ್ಲಿ ವಯಸ್ಸು ಮೀರಿರುತ್ತದೆ, ಹಾಗಾಗಿ ಬಿವಿಎ ಮೂರನೇ ವರ್ಷದಲ್ಲೇ ಹೇಳಿಬಿಡು.

ವಿಳಾಸ ಪಟ್ಟಿ ಇಲ್ಲದೆ ಇದ್ಯಾವುದೂ ನಡೆಯುವುದಿಲ್ಲ. ವಾಟ್ಸಾಪ್ ಗುಂಪನ್ನೇ ನಂಬಬೇಡ, ನಂಬರ್ ಬದಲಾದವರು ಸದ್ದಿಲ್ಲದೆ ಕಳೆದುಹೋಗುತ್ತಾರೆ. ಎಲ್ಲರೂ ತಪ್ಪದೆ ಬರುವುದು ನೋ-ಡ್ಯೂ (ಬಾಕಿ ಇಲ್ಲ ಎಂಬ) ಸಹಿಗೆ. ಆ ಫಾರಂ ಜೊತೆ ಒಂದು ಹಾಳೆ ಸೇರಿಸು: ಊರಿನ ವಿಳಾಸ, ಮನೆಯವರ ಫೋನ್, ಮಾಧ್ಯಮ, ಯಾವ ಸಲಕರಣೆ ಬೇಕು, ಏನು ಕೊಡಬಲ್ಲರು. ಈ ಬ್ಯಾಚಿನವರ ಸಹಿ ಶುರುವಾಗುವುದರೊಳಗೆ ಆ ಹಾಳೆ ಪ್ರಿಂಟ್ ಆಗಿರಲಿ. ಕರಡು ಕಳಿಸಿದರೆ ನೋಡಿಕೊಡುತ್ತೇನೆ.

ಇತಿ,
ನಿನ್ನ ಅಮ್ಮ